ಕೊಂದ ಕೈಗೆ ರಾಖಿ ಕಟ್ಟಿದ ತಂಗಿ

ತೋಟದ ಗಡಿಕಲ್ಲಿನ ತಕರಾರಿಗೆ ಅಣ್ಣ ತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳು ಕಾಸರಗೋಡಿನ ಕಡೆ ಕಡಿಮೆಯೇನಲ್ಲ. ಇದೇ ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ, ಮಗಳನ್ನು ಕೊಂದವನನ್ನೇ ಮನೆಯೊಳಗೆ ಬರಮಾಡಿಕೊಂಡ ಕುಟುಂಬವೊಂದಿದೆ. ಪೆರುಂಬಾವೂರಿನಿಂದ ಮೂವಾಟ್ಟುಪುಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ಪುಲ್ಲುವಳಿ ಆ ಊರು.

ಪೈಲಿ ಮತ್ತು ಏಲೀಶ್ವಾ ದಂಪತಿಯ ಮಗಳು ರಾಣಿ ಮರಿಯಾ ಹುಟ್ಟಿದ್ದು 1954ರಲ್ಲಿ. ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆ ಸೇರಿ ಕನ್ಯಾಸ್ತ್ರೀಯಾದ ಅವರು ಉತ್ತರ ಭಾರತಕ್ಕೆ ಹೊರಟರು. 1992ರಲ್ಲಿ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಉದಯನಗರಕ್ಕೆ ಬಂದರು. ಅಲ್ಲಿನ ಆದಿವಾಸಿಗಳು ಬಡ್ಡಿ ಸಾಲದಲ್ಲಿ ಮುಳುಗಿದ್ದರು. ಸಿಸ್ಟರ್ ಅವರನ್ನು ಒಟ್ಟು ಸೇರಿಸಿ, ಸರಕಾರದ ಸವಲತ್ತು, ಬ್ಯಾಂಕ್ ಸಾಲ ಸಿಗುವ ಹಾಗೆ ಮಾಡಿದರು. ಬಡ್ಡಿ ವ್ಯವಹಾರದವರಿಗೆ ಇದು ಸಹಿಸಲಿಲ್ಲ.

ಬಸ್ಸಿನಲ್ಲೇ ಹತ್ಯೆ

1995ರ ಫೆಬ್ರವರಿ 25. ಇಂದೋರಿಗೆ ಹೊರಟ ಬಸ್ಸಿನಲ್ಲಿ ಸಮಂದರ್ ಸಿಂಗ್ ಎಂಬ ಯುವಕ ಸಿಸ್ಟರ್ ಅವರನ್ನು ಚೂರಿಯಿಂದ ಇರಿದು ಕೊಂದ. ಮೈಮೇಲಿದ್ದದ್ದು 50ಕ್ಕೂ ಹೆಚ್ಚು ಗಾಯ. ಆಗ ಅವರಿಗೆ ಬರೀ 41 ವರ್ಷ.

ಸಮಂದರ್‌ಗೆ ಜೀವಾವಧಿ ಶಿಕ್ಷೆಯಾಯಿತು. ಜೈಲಿನಲ್ಲಿರುವಾಗಲೇ ಹೆಂಡತಿ ಬಿಟ್ಟು ಹೋದಳು, ಮಗ ತೀರಿಕೊಂಡ. ಕೊಲೆಗೆ ಎತ್ತಿಕಟ್ಟಿದವರು ಆಮೇಲೆ ತಿರುಗಿಯೂ ನೋಡಲಿಲ್ಲ. ಹೊರಗೆ ಹೋದ ಮೇಲೆ ಅವರನ್ನು ಮುಗಿಸಬೇಕು ಎಂಬ ಹಗೆಯೊಂದನ್ನೇ ಇಟ್ಟುಕೊಂಡು ಬದುಕಿದ್ದೆ ಎಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ.

ಜೈಲಿಗೆ ಬಂದ ತಂಗಿ

ಆ ಹಗೆಯ ಬಾಗಿಲು ಮೊದಲು ತಟ್ಟಿದವರು ಸ್ವಾಮಿ ಸದಾನಂದ ಎಂದೇ ಹೆಸರಾಗಿದ್ದ ಕ್ರೈಸ್ತ ಪಾದ್ರಿ. ಕೈದಿಗಳನ್ನು ಕಂಡು ಮಾತಾಡಿಸುತ್ತಿದ್ದ ಅವರು ಸಮಂದರ್‌ನ ಬಳಿಗೂ ಹೋಗತೊಡಗಿದರು. 2002ರ ಆಗಸ್ಟ್‌ನಲ್ಲಿ, ರಕ್ಷಾಬಂಧನದ ಸಮಯಕ್ಕೆ, ರಾಣಿ ಮರಿಯಾ ಅವರ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಜೈಲಿಗೆ ಬಂದರು. ಅವರೂ ಅದೇ ಸಭೆಯ ಕನ್ಯಾಸ್ತ್ರೀ. ಅಕ್ಕನನ್ನು ಇರಿದ ಕೈಯನ್ನು ಹಿಡಿದು ರಾಖಿ ಕಟ್ಟಿದರು, ಅಣ್ಣ ಎಂದು ಒಪ್ಪಿಕೊಂಡರು. ಅಕ್ಕ ಸತ್ತು ಅಷ್ಟರಲ್ಲಿ ಏಳು ವರ್ಷ ಕಳೆದಿತ್ತು.

ತನ್ನನ್ನು ಕೊಲ್ಲುತ್ತಿದ್ದವರಿಗಾಗಿ ಯೇಸು ಶಿಲುಬೆಯ ಮೇಲಿಂದಲೇ ಕ್ಷಮೆ ಬೇಡಿದ ಎಂಬುದನ್ನು ಕ್ರೈಸ್ತ ಮನೆಗಳಲ್ಲಿ ಮಕ್ಕಳಿಗೂ ಕಲಿಸುತ್ತಾರೆ. ದಿನಾ ಹೇಳುವ ಪ್ರಾರ್ಥನೆಯಲ್ಲೂ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತಿದೆ. ಬಾಯಲ್ಲಿ ಹೇಳುವುದು ಸುಲಭ. ಎದುರಿಗೆ ಹೋಗಿ ಕೈ ಹಿಡಿಯುವುದೇ ಕಷ್ಟ. ತಾಯಿ ಏಲೀಶ್ವಾ ಅದನ್ನೂ ಮಾಡಿದರು. ಆ ಕೈಗಳಿಗೆ ಮಗಳ ರಕ್ತ ಅಂಟಿತ್ತಲ್ಲ ಎಂದು ಸಮಂದರ್‌ನ ಕೈಗೆ ಮುತ್ತಿಟ್ಟರು.

ಕ್ಷಮಿಸಿದ್ದಾರೆ ಎಂದು ಶಿಕ್ಷೆ ತಪ್ಪಲಿಲ್ಲ. ಆತ 11 ವರ್ಷ ಜೈಲಿನಲ್ಲೇ ಇದ್ದ. ಬಿಡುಗಡೆಗೆ ಮನವಿ ಮಾಡಿದವರು ಮಾತ್ರ ಸಿಸ್ಟರ್ ಸೆಲ್ಮಿ ಮತ್ತು ಅವರ ಸಭೆಯವರೇ. 2006ರಲ್ಲಿ ಹೊರಗೆ ಬಂದ ಸಮಂದರ್ ಸೇಡಿನ ದಾರಿ ಹಿಡಿಯಲಿಲ್ಲ, ಊರಿಗೆ ಹೋಗಿ ಬೇಸಾಯಕ್ಕೆ ಕೈ ಹಾಕಿದ.

ಮನೆ ಮಗನ ಹಾಗೆ

2007ರಲ್ಲಿ ಆತ ಪುಲ್ಲುವಳಿಗೆ ಬಂದು ಮನೆಯವರಲ್ಲಿ ಕ್ಷಮೆ ಕೇಳಿದ. ಅವರು ಮಗನ ಹಾಗೆ ನೋಡಿಕೊಂಡರು. ಹೊಲದಲ್ಲಿ ಬೆಳೆದದ್ದರಲ್ಲಿ ಒಂದು ಪಾಲನ್ನು ಉದಯನಗರದ ಸಿಸ್ಟರ್ ಸಮಾಧಿಗೆ ಕೊಂಡೊಯ್ದು ಇಡುವುದು ಆತನ ರೂಢಿಯಾಯಿತು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು 'ಧನ್ಯೆ' ಎಂದು ಘೋಷಿಸಿದಾಗ ಜನರ ನಡುವೆ ಸಮಂದರ್ ಕೂಡ ಇದ್ದ.

ಹೆಂಡತಿಯೂ ಇಲ್ಲದ, ಮಗನೂ ಇಲ್ಲದ ಒಬ್ಬನಿಗೆ ಕೊನೆಗೆ ತಂಗಿ, ತಾಯಿ, ಮನೆ ಎಲ್ಲ ಸಿಕ್ಕಿತು. ಕೊಟ್ಟವರಿಗೆ ಸತ್ತ ಮಗಳು ತಿರುಗಿ ಬರಲಿಲ್ಲ, ನಿಜ. ಆದರೆ ಬಂದ ಹಗೆ ಅವರ ಮನೆಯಲ್ಲಿ ಬೇರು ಬಿಡಲಿಲ್ಲ.

ಬೇಲಿಯ ಆಚೆ ಅಣ್ಣನ ಮನೆ, ಈಚೆ ತಮ್ಮನ ಮನೆ. ನಡುವೆ ನಾಲ್ಕು ಹೆಜ್ಜೆ. ಪುಲ್ಲುವಳಿಯವರು ಇಂದೋರಿನ ಜೈಲಿನವರೆಗೆ ಹೋಗಿದ್ದರು.