ಹಾಲು ಕರೆಯುವ ಹೊತ್ತಿಗೇ ವೋಲ್ಟೇಜ್ ಇಳಿಯುತ್ತಿದೆಯೇ? ಟಿಸಿಯ ಲೆಕ್ಕ ನೋಡಿ

ಹೈನುಗಾರ ಸಹೋದರಿಯರೇ,

ನಿಮ್ಮ ಹಾಲು ಕರೆಯುವ ಯಂತ್ರವನ್ನು ಮಧ್ಯಾಹ್ನ ಹಾಕಿ ನೋಡಿದರೆ ಚೆನ್ನಾಗಿ ಓಡುತ್ತದೆ, ಬೆಳಗ್ಗೆ ಆರಕ್ಕೆ ಮಾತ್ರ ಗುಂಯ್‌ಗುಟ್ಟಿ ನಿಲ್ಲುತ್ತದೆಯೇ? ಹಾಗಿದ್ದರೆ ಮೋಟಾರ್ ಬಿಚ್ಚಿಸುವ ಮೊದಲು ನಿಮ್ಮ ಬೀದಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಕಡೆ ಗಮನ ಕೊಡಿ.

ಪಶುವೈದ್ಯರಿಗೆ ಕರೆಂಟಿನ ಮಾತೇಕೆ ಎನ್ನಬೇಡಿ. ವೋಲ್ಟೇಜ್ ಇಳಿದರೆ ವ್ಯಾಕ್ಯೂಮ್ ಪಂಪಿನ ಎಳೆತ ಕುಗ್ಗುತ್ತದೆ. ಕಪ್ ಜಾರಿ ಗಾಳಿ ನುಗ್ಗಿದರೆ ಹಾಲಿನ ಹನಿ ರೋಗಾಣುಗಳ ಸಮೇತ ತೊಟ್ಟಿನೊಳಕ್ಕೆ ವಾಪಸ್ ಚಿಮ್ಮುತ್ತದೆ. ಕೆಚ್ಚಲು ಬಾವಿಗೆ ಇದೊಂದು ದಾರಿ. ಕೆಚ್ಚಲು ಒರೆಸಿದ ಮೇಲೆ ಹಸು ಚೆನ್ನಾಗಿ ಹಾಲಿಳಿಸುವುದು ಐದಾರು ನಿಮಿಷ ಮಾತ್ರ. ಅಷ್ಟರಲ್ಲಿ ಯಂತ್ರ ನಿಂತರೆ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ.

ಒಂದು ಟಿಸಿ, ಮೂರು ಪಾಲು

ಟಿಸಿ ಮೇಲೆ 25 ಕೆವಿಎ ಎಂದು ಬರೆದಿದ್ದರೆ ಅದು ಮೂರೂ ಫೇಸ್ ಸೇರಿದ ಲೆಕ್ಕ. ಒಂದು ಫೇಸ್‌ನ ಪಾಲು ಸುಮಾರು 8.3 ಕೆವಿಎ. ನಮ್ಮ ಮನೆಗಳಿಗೆ ಸಾಮಾನ್ಯವಾಗಿ ಬರುವುದು ಒಂದೇ ಫೇಸ್. ಎಲ್ಲರೂ ಒಂದೇ ಫೇಸ್‌ಗೆ ಸೇರಿಕೊಂಡರೆ, ಮೂರು ಕ್ಯಾನ್ ಇಟ್ಟುಕೊಂಡು ಒಂದಕ್ಕೇ ಹಾಲು ಸುರಿದಂತೆ. ಎರಡು ಖಾಲಿ ಇದ್ದರೂ ಒಂದು ತುಂಬಿ ಚೆಲ್ಲುತ್ತದೆ.

ಲೆಕ್ಕ ಹಾಕಿ ನೋಡೋಣ

1 ಎಚ್‌ಪಿ ಸಿಂಗಲ್ ಫೇಸ್ ಮೋಟಾರಿಗೆ ಸುಮಾರು 1.5 ಕೆವಿಎ ಬೇಕು. ಬೀದಿಯಲ್ಲಿ ಅಂಥ ಆರು ಯಂತ್ರಗಳಿವೆ ಎನ್ನಿ. ಆರೂ ಒಂದೇ ಫೇಸ್‌ನಲ್ಲಿದ್ದರೆ 9 ಕೆವಿಎ. ದೀಪ ಹಚ್ಚುವ ಮೊದಲೇ ಪಾಲು ಮುಗಿಯಿತು! ಫೇಸ್‌ಗೆ ಎರಡರಂತೆ ಹಂಚಿದರೆ 3 ಮಾತ್ರ. ದೀಪ, ಫ್ಯಾನ್, ಮಿಕ್ಸಿ, ಟಿವಿಗೆ ಪ್ರತಿ ಫೇಸ್‌ನಲ್ಲಿ ಇನ್ನೊಂದು 3 ಸೇರಿಸಿದರೂ 6. ಇದೇ ಟಿಸಿ ಸಾಕು.

ಪ್ರತಿ ಫೇಸ್‌ನಲ್ಲಿ 2 ಎಚ್‌ಪಿಯ ಒಂದು ಮೇವು ಕತ್ತರಿಸುವ ಯಂತ್ರವೂ ಅದೇ ಹೊತ್ತಿಗೆ ಓಡಿದರೆ ಸುಮಾರು 2.5 ಸೇರಿ 8.5 ಆಗಿ ಮಿತಿ ಮೀರುತ್ತದೆ. ಮೇವನ್ನು ಮಧ್ಯಾಹ್ನ ಕತ್ತರಿಸಿಕೊಂಡರೆ ಖರ್ಚಿಲ್ಲದೆ ಸಮಸ್ಯೆ ಮುಗಿಯುತ್ತದೆ.

ಎಲ್ಲವೂ ಒಟ್ಟಿಗೆ ಓಡಲೇಬೇಕಾದರೆ ಹೆಚ್ಚು ಹೊರೆಯಿರುವ ಫೇಸ್‌ನ ಲೆಕ್ಕವನ್ನು ಮೂರರಿಂದ ಗುಣಿಸಿ, ಮೇಲೆ ಕಾಲು ಭಾಗ ಸೇರಿಸಿ. 8.5ರ ಮೂರು ಪಟ್ಟು 25.5, ಕಾಲು ಭಾಗ ಸೇರಿ ಸುಮಾರು 32. ಆಗ 63 ಕೆವಿಎ ಟಿಸಿ ಕೇಳಬೇಕಾಗುತ್ತದೆ. ಆದರೆ ಹಂಚದೆ ಇಡೀ 25.5ನ್ನು ಒಂದೇ ಫೇಸ್‌ಗೆ ಹೇರಿದರೆ 63ರ ಟಿಸಿಯೂ ಸಾಲದು, ಅದರ ಒಂದು ಪಾಲು 21 ಅಷ್ಟೇ.

ಹೊರೆ ಸಮವಾಗಿದ್ದರೆ ನ್ಯೂಟ್ರಲ್ ತಂತಿಯಲ್ಲಿ ಕರೆಂಟ್ ತೀರಾ ಕಡಿಮೆ. ಹೊರೆ ಏರುಪೇರಾಗಿರುವಾಗ ಆ ತಂತಿ ಸಡಿಲವಾದರೆ ಕೆಲವು ಮನೆಗಳಲ್ಲಿ ವೋಲ್ಟೇಜ್ ಇಳಿಯುತ್ತದೆ, ಕೆಲವು ಮನೆಗಳಲ್ಲಿ ಏರಿ ಮೋಟಾರ್ ಸುಡುತ್ತದೆ.

ನೀವು ಮಾಡಬೇಕಾದ್ದು

• ಯಾರ ಮನೆಯಲ್ಲಿ ಎಷ್ಟು ಎಚ್‌ಪಿ ಯಂತ್ರ, ಯಾವ ಹೊತ್ತಿಗೆ ಓಡುತ್ತದೆ ಎಂದು ಪಟ್ಟಿ ಮಾಡಿ.
• ಹಾಲು ಕರೆಯುವಾಗಿನ ವೋಲ್ಟೇಜ್ ಅನ್ನು ಒಂದು ವಾರ ಬರೆದಿಡಿ. 216ರಿಂದ 244ರ ಒಳಗಿರಬೇಕು.
• ಎರಡನ್ನೂ ಸಂಘದ ಕಾರ್ಯದರ್ಶಿಯವರ ಮೂಲಕ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಬರವಣಿಗೆಯಲ್ಲಿ ಕೊಡಿ. ಫೇಸ್‌ವಾರು ಹೊರೆ ಅಳೆದು ಸಮ ಮಾಡಲು ಕೇಳಿ. ದೂರಿಗೆ 1912ಕ್ಕೂ ಕರೆ ಮಾಡಬಹುದು.
• ಶುರುವಾಗುವಾಗ ಮೋಟಾರ್ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಅಕ್ಕಪಕ್ಕದವರು ಮಾತಾಡಿಕೊಂಡು ಒಬ್ಬರಾದ ಮೇಲೆ ಒಬ್ಬರು ಸ್ವಿಚ್ ಹಾಕಿ.
• ಫೇಸ್ ಬದಲಿಸುವುದು ಲೈನ್‌ಮ್ಯಾನ್ ಕೆಲಸ. ಮನೆಯವರು ಯಾರೂ ಕಂಬಕ್ಕಾಗಲಿ ಟಿಸಿಗಾಗಲಿ ಕೈ ಹಾಕದಂತೆ ನೋಡಿಕೊಳ್ಳಿ.

ಅಲ್ಲಿಯವರೆಗೆ, ಕರೆಯುವಾಗ ಯಂತ್ರ ಸೊರಗಿದರೆ ಕಪ್ ಎಳೆಯಬೇಡಿ. ಮೊದಲು ವ್ಯಾಕ್ಯೂಮ್ ಮುಚ್ಚಿ, ಕಪ್ ಬಿಡಿಸಿ, ಉಳಿದ ಹಾಲನ್ನು ಕೈಯಿಂದ ಪೂರ್ತಿ ಕರೆದು ತೊಟ್ಟುಗಳನ್ನು ಔಷಧಿಯಲ್ಲಿ ಅದ್ದಿ.

– ಪಶುವೈದ್ಯಾಧಿಕಾರಿ