ಬಚ್ಚಲುಮನೆಯ ಗೋಡೆಗೆ ಟೈಲ್ಸ್: ಹಿಡಿತವೆಲ್ಲ ನೀರಿನದು

ಬಚ್ಚಲುಮನೆಯ ಗೋಡೆಗೆ ಟೈಲ್ಸ್ ಕಚ್ಚಿ ನಿಲ್ಲುವುದು ಸಿಮೆಂಟಿನ ಬಲದಿಂದ. ಆ ಬಲ ಹುಟ್ಟುವುದು ನೀರಿನಿಂದ. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಅದು ಗಟ್ಟಿಯಾಗುವುದು ಒಣಗಿ ಅಲ್ಲ, ನೀರನ್ನು ತನ್ನೊಳಗೆ ಕೂಡಿಸಿಕೊಂಡು. ಅದರಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟ್‌ಗಳು ನೀರಿನೊಂದಿಗೆ ರಾಸಾಯನಿಕವಾಗಿ ಬೆರೆತು ಅತಿ ಸೂಕ್ಷ್ಮವಾದ ಜಾಲವಾಗಿ ಬೆಳೆಯುತ್ತವೆ. ಟೈಲ್ ಬೆನ್ನಿನ ರಂಧ್ರಗಳಿಗೂ ಗಿಲಾವಿನ ಒರಟು ಮೈಗೂ ಹೊಕ್ಕು ಎರಡನ್ನೂ ಬಿಗಿಯುವುದು ಈ ಜಾಲವೇ. ಅದು ಬೆಳೆಯುವ ಮೊದಲೇ ನೀರು ಹೊರಟುಹೋದರೆ ಉಳಿಯುವುದು ಉದುರುವ ಪುಡಿ. ಮೊದಲ ಸಲ ಟೈಲ್ಸ್ ಹಾಕುವವರ ಎಷ್ಟೋ ಸೋಲುಗಳ ಮೂಲ ಇಲ್ಲಿದೆ.

ಹಳೆಯ ಮೇಸ್ತ್ರಿಗಳು ಗೋಡೆಯ ಟೈಲ್ಸನ್ನು ನೀರಿನಲ್ಲಿ ನೆನೆಹಾಕುತ್ತಿದ್ದುದು ಇದೇ ಕಾರಣಕ್ಕೆ. ಗೋಡೆಗೆ ಬಳಸುವ ಸಾಮಾನ್ಯ ಸೆರಾಮಿಕ್ ಟೈಲ್ ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರು ಕುಡಿಯಬಲ್ಲದು. ಒಣಗಿದ ಟೈಲನ್ನು ಗಾರೆಯ ಮೇಲೆ ಒತ್ತಿದರೆ ಸಿಮೆಂಟಿಗೆ ಬೇಕಾದ ನೀರನ್ನು ಅದೇ ಹೀರಿಬಿಡುತ್ತದೆ. ವಿಟ್ರಿಫೈಡ್ ಟೈಲಿನ ಸಮಸ್ಯೆ ಇದಕ್ಕೆ ತದ್ವಿರುದ್ಧ. ಹೆಚ್ಚಿನ ಕಾವಿನಲ್ಲಿ ಸುಟ್ಟಾಗ ಅದರ ಮಣ್ಣು ಅರೆ ಕರಗಿ ಗಾಜಿನಂತಾಗುತ್ತದೆ, ರಂಧ್ರಗಳು ಮುಚ್ಚಿಹೋಗುತ್ತವೆ. ಅದು ಹೀರುವ ನೀರು ಶೇ. 0.5ರಷ್ಟೂ ಇಲ್ಲ. ಸಿಮೆಂಟಿನ ಜಾಲ ಹೊಕ್ಕು ಹಿಡಿಯಲು ಅಲ್ಲಿ ಜಾಗವೇ ಇಲ್ಲದ ಕಾರಣ ಬರೀ ಸಿಮೆಂಟ್ ಹಾಲು ಬಳಿದು ಕೂರಿಸಿದ ವಿಟ್ರಿಫೈಡ್ ಟೈಲ್ ಕೆಲವು ವರ್ಷಗಳಲ್ಲಿ ಇಡಿಯಾಗಿ ಕಳಚಿ ಬೀಳಬಹುದು. ಇದಕ್ಕೆ ಪಾಲಿಮರ್ ಬೆರೆಸಿದ ಟೈಲ್ ಅಂಟೇ ಬೇಕು. ಅಂಟಿನಲ್ಲಿರುವ ಪಾಲಿಮರ್ ನಯವಾದ ಮೈಗೂ ಅಂಟುತ್ತದೆ. ಅದರಲ್ಲಿನ ಸೆಲ್ಯುಲೋಸ್ ಈಥರ್ ನೀರನ್ನು ಹಿಡಿದಿಟ್ಟು ಸಿಮೆಂಟಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಹಾಗಾಗಿ ಅಂಟು ಬಳಸುವಾಗ ಸೆರಾಮಿಕ್ ಟೈಲನ್ನೂ ನೆನೆಸಬೇಕಿಲ್ಲ. ಭಾರತದಲ್ಲಿ ಇಂಥ ಅಂಟುಗಳಿಗೆ ಐ.ಎಸ್. 15477 ಎಂಬ ಮಾನಕವಿದೆ. ಚೀಲದ ಮೇಲೆ ಆ ಸಂಖ್ಯೆಯನ್ನೂ ಯಾವ ಬಗೆಯ ಟೈಲಿಗೆ ಎಂಬುದನ್ನೂ ನೋಡಿಯೇ ಕೊಳ್ಳಬೇಕು.

ಗೋಡೆ ಸಿದ್ಧವಿಲ್ಲದಿದ್ದರೆ ಯಾವ ಅಂಟೂ ಉಪಯೋಗಕ್ಕೆ ಬಾರದು. ಬಣ್ಣ, ಸುಣ್ಣ, ಸಡಿಲ ಗಿಲಾವು ಇದ್ದರೆ ಕೆರೆದು ತೆಗೆಯಬೇಕು. ಇಲ್ಲವಾದರೆ ಟೈಲ್ ಅಂಟುವುದು ಬಣ್ಣಕ್ಕೆ, ಗೋಡೆಗಲ್ಲ. ಜಿಪ್ಸಂ ಗಿಲಾವು ಬಚ್ಚಲುಮನೆಗೆ ಹೊಂದುವುದೇ ಇಲ್ಲ. ತೇವ ತಗುಲಿದಾಗ ಜಿಪ್ಸಮ್ಮಿನ ಸಲ್ಫೇಟ್ ಸಿಮೆಂಟಿನ ಅಲ್ಯುಮಿನೇಟ್ ಜೊತೆ ಸೇರಿ ಎಟ್ರಿಂಜೈಟ್ ಎಂಬ ಹರಳುಗಳಾಗುತ್ತದೆ. ಅವು ಉಬ್ಬಿ ಅಂಟನ್ನು ಗೋಡೆಯಿಂದ ಎಬ್ಬಿಸುತ್ತವೆ.

ಟೈಲ್ಸ್ ಹಾಕಿದ ಮೇಲೆ ಗೋಡೆಗೆ ನೀರಿಳಿಯದು ಎಂಬುದೂ ತಪ್ಪು ಕಲ್ಪನೆ. ಟೈಲಿನ ಮೇಲ್ಮೈ ನೀರನ್ನು ತಡೆದರೂ ಸಂದುಗಳಲ್ಲಿರುವ ಸಿಮೆಂಟ್ ಗ್ರೌಟ್ ತಡೆಯುವುದಿಲ್ಲ. ನಿಜವಾದ ತಡೆ ಟೈಲಿನ ಹಿಂದೆ, ಗಿಲಾವಿನ ಮೇಲೆ ಬಳಿಯುವ ಜಲನಿರೋಧಕ ಲೇಪದ್ದು. ಶವರಿನ ಗೋಡೆಗೆ, ನೆಲ ಸೇರುವ ಮೂಲೆಗೆ, ಪೈಪ್ ಹೊರಬರುವ ಕಡೆ ಇದನ್ನು ಎರಡು ಸಲ ಬಳಿದು ಪೂರ್ತಿ ಒಣಗಲು ಬಿಡಬೇಕು. ಕೆಲಸ ಮುಗಿದ ಮೇಲೆ ಕಣ್ಣಿಗೆ ಬೀಳದ ಭಾಗವೆಂದು ಇದನ್ನೇ ಬಿಟ್ಟುಬಿಡುವವರು ಹೆಚ್ಚು. ಪಕ್ಕದ ಕೋಣೆಯ ಗೋಡೆ ತೇವಗೊಂಡಾಗ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ.

ಮೊದಲ ಸಾಲನ್ನು ನೆಲಕ್ಕೆ ಒರಗಿಸಿ ಕಟ್ಟಬಾರದು. ಬಚ್ಚಲಿನ ನೆಲ ನೀರು ಹೋಗುವ ಜಾಲಿಯ ಕಡೆಗೆ ಇಳಿಜಾರಾಗಿರುತ್ತದೆ. ಅದನ್ನೇ ನಂಬಿದರೆ ಮೇಲಿನ ಸಾಲುಗಳೆಲ್ಲ ಓರೆಯಾಗುತ್ತವೆ. ಆದ್ದರಿಂದ ಮಟ್ಟ ನೋಡಿ ಗೆರೆ ಎಳೆದು, ಎರಡನೆಯ ಸಾಲಿನ ಅಡಿಗೆ ನೇರವಾದ ಮರದ ಪಟ್ಟಿ ಹೊಡೆದು, ಅಲ್ಲಿಂದ ಮೇಲಕ್ಕೆ ಹೋಗುವುದು ಕ್ರಮ. ಪಟ್ಟಿಯ ಮೊಳೆಯ ತೂತುಗಳನ್ನು ಮುಚ್ಚಿ, ಲೇಪವನ್ನು ಅಲ್ಲಿ ಮತ್ತೆ ಬಳಿದ ಮೇಲೆ ಕೆಳಗಿನ ಸಾಲನ್ನು ಅಳತೆಗೆ ಕತ್ತರಿಸಿ ಕೂರಿಸಬಹುದು.

ಅಂಟು ಹಚ್ಚಲು ಹಲ್ಲಿರುವ ಕರಣೆ ಬೇಕು. ಅದನ್ನು ಒಂದೇ ದಿಕ್ಕಿಗೆ ಎಳೆದಾಗ ಗೋಡೆಯ ಮೇಲೆ ಸಾಲುಸಾಲು ಏರಿಗಳು ಮೂಡುತ್ತವೆ. ಟೈಲನ್ನು ಒತ್ತಿ ಆ ಏರಿಗಳಿಗೆ ಅಡ್ಡಲಾಗಿ ಸ್ವಲ್ಪ ಆಚೀಚೆ ಸರಿಸಿದರೆ ಏರಿಗಳು ಮಲಗಿ, ನಡುವಿನ ಗಾಳಿ ಹೊರಟು, ಬೆನ್ನು ತುಂಬ ಅಂಟು ಹರಡುತ್ತದೆ. ನಾಲ್ಕು ಮೂಲೆ ಮತ್ತು ನಡುವೆ ಒಂದೊಂದು ಮುದ್ದೆ ಇಟ್ಟು ಒತ್ತುವ ಪದ್ಧತಿ ಬೇಗ ಮುಗಿಯುತ್ತದೆ, ಆದರೆ ಮುದ್ದೆಗಳ ನಡುವೆ ಪೊಳ್ಳು ಉಳಿಯುತ್ತದೆ. ನೀರು ನಿಲ್ಲುವುದು ಅಲ್ಲೇ, ಮೊಳೆಗೆ ತೂತು ಕೊರೆಯುವಾಗ ಟೈಲ್ ಒಡೆಯುವುದೂ ಅಲ್ಲೇ. ನೀರು ಬೀಳುವ ಜಾಗದಲ್ಲಿ ಬೆನ್ನಿನ ಶೇ. 95 ಭಾಗಕ್ಕೆ ಅಂಟು ತಗುಲಿರಬೇಕೆಂಬುದು ಅಮೆರಿಕದ ಮಾನಕ. ಆಗಾಗ ಒಂದು ಟೈಲ್ ಕಿತ್ತು ಬೆನ್ನು ನೋಡುವುದೇ ಇದಕ್ಕೆ ಸರಿಯಾದ ಪರೀಕ್ಷೆ. ವಿಟ್ರಿಫೈಡ್ ಟೈಲಿನ ಬೆನ್ನಿಗೆ ಗೂಡಿನಲ್ಲಿ ಹತ್ತಿದ ಬಿಳಿ ಪುಡಿ ಇದ್ದರೆ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಹಚ್ಚಿದ ಅಂಟು ಸುಮಾರು 20 ನಿಮಿಷದಲ್ಲಿ, ಬಿಸಿಲು-ಗಾಳಿ ಜೋರಿದ್ದರೆ ಇನ್ನೂ ಬೇಗ, ಮೇಲೆ ಕೆನೆಗಟ್ಟುತ್ತದೆ. ಬೆರಳಿಗೆ ಅಂಟದಿದ್ದರೆ ಟೈಲಿಗೂ ಅಂಟದು. ಅದನ್ನು ಕೆರೆದು ಹೊಸದನ್ನು ಹಚ್ಚಬೇಕೇ ಹೊರತು ನೀರು ಚಿಮುಕಿಸಬಾರದು.

ಟೈಲ್‌ಗಳ ನಡುವೆ 2-3 ಮಿ.ಮೀ. ಸಂದು ಬಿಡುವುದು ಅಂದಕ್ಕಷ್ಟೇ ಅಲ್ಲ. ಗೂಡಿನಿಂದ ಹೊರಬಂದ ಸೆರಾಮಿಕ್ ಗಾಳಿಯ ತೇವ ಹೀರುತ್ತ ವರ್ಷಗಟ್ಟಲೆ ಅತ್ಯಲ್ಪ ಪ್ರಮಾಣದಲ್ಲಿ ಹಿಗ್ಗುತ್ತದೆ, ಹಿಂದಿನ ಗಾರೆ ಒಣಗುತ್ತ ಕುಗ್ಗುತ್ತದೆ. ಸಂದಿಲ್ಲದೆ ಒತ್ತಾಗಿ ಜೋಡಿಸಿದ ಗೋಡೆಯಲ್ಲಿ ಈ ಎಳೆದಾಟ ಕೊನೆಗೆ ಟೈಲ್‌ಗಳನ್ನು ಮುಂದಕ್ಕೆ ಉಬ್ಬಿಸಬಹುದು.

ಅಂಟು ಬಲಿತ ಮೇಲೆ, ಸಾಮಾನ್ಯವಾಗಿ ಒಂದು ದಿನದ ನಂತರ, ಪ್ರತಿ ಟೈಲನ್ನೂ ಮೆಲ್ಲಗೆ ತಟ್ಟಿ ಪೊಳ್ಳು ಸದ್ದು ಬಂದುದನ್ನು ತೆಗೆದು ಹೊಸದಾಗಿ ಕೂರಿಸಿ, ಆಮೇಲೆ ಗ್ರೌಟ್ ತುಂಬಬೇಕು. ಗ್ರೌಟಿಗೆ ನೀರು ಹೆಚ್ಚಾದರೆ ಕರಗಿದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮೇಲೆ ಬಂದು ಗಾಳಿಯ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಬಿಳಿ ಕಲೆಯಾಗುತ್ತದೆ. ಎಪಾಕ್ಸಿ ಗ್ರೌಟಿಗೆ ಈ ತೊಂದರೆಯಿಲ್ಲ, ಕಲೆಯೂ ಇಳಿಯದು. ಆದರೆ ಬೇಗ ಗಟ್ಟಿಯಾಗುವ ಕಾರಣ ಹೊಸಬರು ಸ್ವಲ್ಪಸ್ವಲ್ಪವೇ ಕಲಸಿಕೊಳ್ಳುವುದು ಲೇಸು. ಎರಡು ಗೋಡೆ ಕೂಡುವ ಮೂಲೆಗೂ ಗೋಡೆ-ನೆಲ ಸೇರುವ ಅಂಚಿಗೂ ಗ್ರೌಟ್ ಸಲ್ಲದು. ಎರಡು ಮೈಗಳೂ ಬೇರೆಬೇರೆಯಾಗಿ ಅಲುಗುವುದರಿಂದ ಗಡುಸು ಗ್ರೌಟ್ ಅಲ್ಲಿ ಬಿರುಕು ಬಿಡುತ್ತದೆ. ಎಳೆದರೆ ಹಿಗ್ಗುವ ಸಿಲಿಕೋನ್ ಸೀಲಂಟನ್ನು ತುಂಬಿ, ಅದು ಬಲಿಯುವವರೆಗೆ ಶವರ್ ತಿರುಗಿಸದಿರಬೇಕು.