ಗುಡ್ಡಗಾಡು ಓಟದ ದಿನ ನೀರು ಕುಡಿಯಬಾರದೇ?
ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಶಾಲಾ ಮಕ್ಕಳು ಗುಡ್ಡಗಾಡು ಓಟಕ್ಕೆ ಹೊರಟಾಗ ಹಿರಿಯರ ಒಂದು ಬುದ್ಧಿಮಾತು ಇದ್ದೇ ಇರುತ್ತದೆ: ‘ನೀರು ಕುಡಿದರೆ ಪಕ್ಕೆ ಹಿಡಿಯುತ್ತದೆ, ಮುಟ್ಟಬೇಡ.’ ಇದು ಅರ್ಧ ಸತ್ಯ. ಓಟಕ್ಕೆ ಸ್ವಲ್ಪ ಮೊದಲು ಹೊಟ್ಟೆ ತುಂಬ ಉಂಡರೆ, ಗಟಗಟನೆ ನೀರು ಕುಡಿದರೆ ಪಕ್ಕೆ ಹಿಡಿಯುವುದುಂಟು, ನಿಧಾನಿಸಿದರೆ ಬಿಡುತ್ತದೆ. ನೀರನ್ನೇ ಬಿಟ್ಟರೆ ಅಪಾಯ ದೊಡ್ಡದು. ಓಡುವ ಮೈ ತಣಿಯುವುದು ಬೆವರು ಆರಿದಾಗ. ನೀರು ಕಡಿಮೆಯಾದರೆ ಬೆವರೂ ಕಡಿಮೆ, ಮೈ ಕಾವೇರುತ್ತದೆ. ಬೆಳಗಿನಿಂದಲೇ ಬಾಯಾರಿಕೆಗೆ ತಕ್ಕಷ್ಟು ಕುಡಿಯಲಿ. ಓಟ ಶುರುವಾಗುವ ಮುನ್ನ ಎರಡು ಗುಟುಕು ಸಾಕು.

ಓಡುತ್ತಿದ್ದ ಮಗು ತೂರಾಡಿ, ಏನೇನೋ ಮಾತಾಡಿದರೆ ಬರೀ ಸುಸ್ತೆಂದು ಬಿಡಬೇಡಿ, ಶಾಖಾಘಾತ ಇರಬಹುದು. ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿಯುತ್ತಿರಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ.